ವಶೀಕರಣದ ಬೇರು ಮತ್ತು ಸಮ್ಮತಿಯ ಪ್ರಶ್ನೆ: ‘ನಾಗಮಂಡಲ’ದ ಒಂದು ಓದು

ಕನ್ನಡ ಜನಪದ ಕಥೆಗಳಲ್ಲಿ ಒಲವು ಎಷ್ಟೋ ವೇಳೆ ಮದ್ದು, ಮಂತ್ರ, ವೇಷಾಂತರಗಳ ಮೂಲಕ ಕೈಗೂಡುತ್ತದೆ. ಕೇಳುಗರು ಇದನ್ನು ಕಥೆಯ ಸಹಜ ಧರ್ಮವೆಂದೇ ಒಪ್ಪಿಕೊಂಡು ಬಂದಿದ್ದಾರೆ. ಆದರೆ ಮಾಯೆಗೆ ಒಳಗಾದ ವ್ಯಕ್ತಿಯ ಸಮ್ಮತಿ ಏನಾಯಿತು ಎಂಬ ಪ್ರಶ್ನೆಯನ್ನು ಎತ್ತಿದೊಡನೆ ಈ ಕಥೆಗಳ ಚಹರೆ ಬೇರೆಯಾಗುತ್ತದೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು 1980ರ ದಶಕದ ಕೊನೆಯಲ್ಲಿ ರಚಿಸಿದ ‘ನಾಗಮಂಡಲ’ ಈ ದೃಷ್ಟಿಯಿಂದ ಮರುಪರಿಶೀಲನೆಗೆ ಅರ್ಹವಾದ ಕೃತಿ.

ರಾಣಿಯ ಕಥೆಯನ್ನು ಹೆಣ್ಣಿನ ದೇಹಪ್ರಜ್ಞೆಯ ಅರಳುವಿಕೆಯೆಂದೂ ನಾಗನನ್ನು ಅವಳ ಅದುಮಿಟ್ಟ ಬಯಕೆಯ ರೂಪವೆಂದೂ ಓದುವುದು ರೂಢಿಯಲ್ಲಿದೆ. ಈ ಓದು ಸುಳ್ಳಲ್ಲ, ಆದರೆ ಸುಲಭವಾದುದು. ನಾಗನನ್ನು ಕೇವಲ ಸಂಕೇತವಾಗಿಸಿದಾಗ ಅವನು ಎಸಗಿದ ಕೃತ್ಯವು ಕಣ್ಮರೆಯಾಗುತ್ತದೆ. ರಂಗದ ಮೇಲೆ ನಡೆಯುವುದಾದರೂ ಏನು? ಪರಪುರುಷನೊಬ್ಬನು ಗಂಡನ ರೂಪವನ್ನು ತೊಟ್ಟು, ಬೀಗ ಹಾಕಿದ ಮನೆಯೊಳಗೆ ರಾತ್ರಿ ಪ್ರವೇಶಿಸಿ, ಲೋಕಜ್ಞಾನವಿಲ್ಲದ ಹೆಣ್ಣೊಬ್ಬಳನ್ನು ಕೂಡುತ್ತಾನೆ. ಮೊದಲ ಕೂಟದ ಅನಂತರ ಅವಳು ಅಳುತ್ತಾಳೆ; ಅವನು ಪ್ರಾಣಿಲೋಕದ ಸಹಜತೆಯನ್ನು ವರ್ಣಿಸಿ ಸಮಾಧಾನಪಡಿಸುತ್ತಾನೆ. ಆ ಮಾತುಗಳು ಕಾವ್ಯಮಯವಾಗಿವೆ. ಪ್ರೇಕ್ಷಕರು ರಾಣಿಯ ಕಣ್ಣೀರನ್ನು ಬೇಗನೆ ಮರೆಯುವುದಕ್ಕೆ ಈ ಕಾವ್ಯವೇ ಕಾರಣವೆನ್ನಬಹುದು.

ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಅಹಲ್ಯೆಯು ಗೌತಮನ ವೇಷದಲ್ಲಿ ಬಂದವನು ಇಂದ್ರನೆಂದು ತಿಳಿದೇ ಒಪ್ಪುತ್ತಾಳೆ; ಅವಳು ಅರಿಯದೆ ವಂಚಿತಳಾದಳೆಂದು ಹೇಳುವ ಪಾಠಗಳು ಅನಂತರದವು. ರಾಣಿಗೆ ಈ ಎರಡು ನೆಲೆಗಳಲ್ಲಿ ಯಾವುದೊಂದೂ ಪೂರ್ತಿಯಾಗಿ ಹೊಂದುವುದಿಲ್ಲ. ಹಗಲಿನ ಅಪ್ಪಣ್ಣ ಗದರುತ್ತಾನೆ, ಇರುಳಿನ ಅಪ್ಪಣ್ಣ ಮುದ್ದಿಸುತ್ತಾನೆ. ನಾಗನ ಕೆನ್ನೆಯ ಮೇಲೆ ಗಾಯವನ್ನು ಕಂಡವಳಿಗೆ ಅವನ ರಕ್ತ ತಣ್ಣಗಿರುವುದು ತಿಳಿಯುತ್ತದೆ. ಕನ್ನಡಿಯಲ್ಲಿ ಸರ್ಪವೇ ಕಾಣುತ್ತದೆ. ಶಂಕೆಗೆ ಆಧಾರಗಳಿವೆ, ಪ್ರಶ್ನೆಗೆ ಮಾತ್ರ ಅವಕಾಶವಿಲ್ಲ. ಕೇಳಬಾರದೆಂಬ ಕಟ್ಟಳೆಯನ್ನು ಹಾಕುವವನು ಒರಟ ಗಂಡನಷ್ಟೇ ಅಲ್ಲ, ಒಲಿದ ನಾಗನೂ ಹೌದು. ಈ ಒಂದು ಅಂಶದಲ್ಲಿ ಇಬ್ಬರು ಗಂಡಸರಿಗೂ ಭೇದವಿಲ್ಲ.

ಇನ್ನು ಬೇರಿನ ಪ್ರಸಂಗ. ಕುರುಡವ್ವನು ಸ್ವತಃ ಇಂಥ ಬೇರಿನ ಬಲದಿಂದ ಗಂಡನನ್ನು ಪಡೆದವಳು. ಅವಳು ಕೊಟ್ಟ ಚಿಕ್ಕ ತುಂಡನ್ನು ರಾಣಿ ಹಾಲಿನಲ್ಲಿ ಬೆರೆಸಿ ಕೊಡುತ್ತಾಳೆ. ಅಪ್ಪಣ್ಣ ಮೂರ್ಛೆ ಹೋಗುತ್ತಾನೆಯೇ ಹೊರತು ಒಲಿಯುವುದಿಲ್ಲ. ಅಂದರೆ ಅನ್ಯರ ಮನಸ್ಸನ್ನು ಅವರಿಗೆ ತಿಳಿಯದಂತೆ ತಿರುಗಿಸುವ ಯತ್ನದಿಂದ ರಾಣಿಯೂ ಹೊರತಲ್ಲ. ಆದರೆ ದೊಡ್ಡ ತುಂಡು ಬೆರೆತ ಸಾರು ನೆತ್ತರಿನಂತೆ ಕೆಂಪಾಗಿ ಕುದಿದಾಗ ಅವಳು ಬೆದರಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಇದನ್ನು ಗಂಡನ ಇಚ್ಛೆಯ ಬಗೆಗಿನ ಗೌರವವೆನ್ನಲಾಗದು. ಅವನ ಜೀವದ ಬಗೆಗಿನ ಭೀತಿಯೆನ್ನುವುದೇ ಸರಿ. ಆದರೂ ಕೈಯಲ್ಲಿದ್ದ ಮಾಯಾಶಕ್ತಿಯನ್ನು ಬಳಸದೆ ಬಿಡುವ ಏಕೈಕ ಪಾತ್ರ ರಾಣಿ. ವಿಪರ್ಯಾಸವೆಂದರೆ ಚೆಲ್ಲಿದ ಆ ಮದ್ದೇ ನಾಗನನ್ನು ಹಿಡಿಯುತ್ತದೆ. ಅವನ ಪ್ರೇಮವೂ ಅವನು ಆರಿಸಿಕೊಂಡದ್ದಲ್ಲ. ಮದ್ದು ಕೊಟ್ಟ ಕುರುಡವ್ವನ ಮಗ ಕಪ್ಪಣ್ಣನೂ ಯಾರೆಂದು ಹೇಳಲಾಗದ ಒಬ್ಬ ಹೆಣ್ಣಿನ ಸೆಳೆತಕ್ಕೆ ಸಿಕ್ಕಿ ಮಾಯವಾಗುತ್ತಾನೆ. ವಿಮರ್ಶೆಯು ಉಪಕಥೆಯೆಂದು ಬದಿಗಿಟ್ಟರೂ ಆ ತಾಯಿಯ ಅಲೆದಾಟವು ಈ ಓದಿಗೆ ಅಗತ್ಯವಾದುದು.

ಪಂಚಾಯಿತಿಯ ಮುಂದೆ ನಡೆಯುವ ನಾಗದಿವ್ಯದಲ್ಲಿ ರಾಣಿಯು ತಾನು ಮುಟ್ಟಿದ್ದು ಗಂಡನನ್ನು ಮತ್ತು ಈ ಸರ್ಪವನ್ನು ಮಾತ್ರವೆಂದು ಆಣೆ ಮಾಡುತ್ತಾಳೆ. ಮಾತು ಅಕ್ಷರಶಃ ಸತ್ಯ. ಆಡಿದವಳಿಗೇ ಅದರ ಅರ್ಥ ಗೊತ್ತಿಲ್ಲ. ಊರು ಅವಳನ್ನು ದೇವಿಯೆಂದು ಕೈಮುಗಿಯುತ್ತದೆ. ಅವಳ ಮೇಲೆ ನಡೆದ ವಂಚನೆಯನ್ನು ಮುಚ್ಚಲು ದೈವತ್ವಕ್ಕಿಂತ ಸಮರ್ಥವಾದ ಹೊದಿಕೆ ಇರಲಾರದು.

ನಾಟಕಕಾರರಿಗೆ ಈ ತೊಡಕಿನ ಅರಿವಿತ್ತೆಂಬುದಕ್ಕೆ ಮುಕ್ತಾಯಗಳೇ ಸಾಕ್ಷಿ. ನಿಜವಾದ ಗಂಡನೊಡನೆ ಮಲಗಿದಾಗ ರಾಣಿಗೆ ವ್ಯತ್ಯಾಸ ತಿಳಿಯದೆ ಹೋದೀತೇ ಎಂಬ ಆಕ್ಷೇಪವನ್ನು ಚೌಕಟ್ಟಿನ ಕಥೆಯೇ ಎತ್ತುತ್ತದೆ. ಒಂದು ಮುಕ್ತಾಯದಲ್ಲಿ ನಾಗನು ಅವಳ ಕೂದಲಿನಿಂದಲೇ ಉರುಳು ಬಿಗಿದುಕೊಂಡು ಸಾಯುತ್ತಾನೆ. ಇಲ್ಲಿ ತ್ಯಾಗದ ನಿರ್ಧಾರವೂ ಅವನದೇ. ಇನ್ನೊಂದರಲ್ಲಿ ಬದುಕಿರುವ ಸರ್ಪವನ್ನು ರಾಣಿಯು ಕಂಡು, ಅದು ಯಾರೆಂದು ಬಲ್ಲವಳಾಗಿ, ತನ್ನ ಮುಡಿಯೊಳಗೆ ಬಚ್ಚಿಟ್ಟುಕೊಳ್ಳುತ್ತಾಳೆ. ವೇಷವಿಲ್ಲದ ನಾಗನನ್ನು ಅವಳು ತಾನಾಗಿ ಒಪ್ಪಿಕೊಳ್ಳುವುದು ಇಡೀ ನಾಟಕದಲ್ಲಿ ಇದೊಂದೇ ಸಲ. ಅಪ್ಪಣ್ಣನಿಗೆ ಮಾತ್ರ ತನ್ನ ಹಾಸಿಗೆಯಲ್ಲಿ ಇನ್ನೊಬ್ಬನಿರುವುದು ತಿಳಿದಿಲ್ಲ. ಅವನನ್ನು ಯಾರೂ ಕೇಳಿಯೂ ಇಲ್ಲ.