ಚಾಟ್‌ರೂಮಿನ ಅನುಮಾನ, ಕಬ್ಬಿನ ಪ್ರಶ್ನೆ

ಯಾಹೂ ಮೆಸೆಂಜರ್ 1998ರಲ್ಲಿ ಹುಟ್ಟಿ 2018ರ ಜುಲೈನಲ್ಲಿ ಕಣ್ಣುಮುಚ್ಚಿತು. ಆರ್ಕುಟ್ 2004ರಲ್ಲಿ ಬಂದು 2014ರಲ್ಲಿ ಹೋಯಿತು. ಸೈಬರ್ ಕೆಫೆಯ ಹಲಗೆಯ ಗೂಡಿನಲ್ಲಿ ಕೂತು ಇವೆರಡರಲ್ಲಿ ಹರಟೆ ಕಲಿತವರು ಈಗ ನಲವತ್ತರ ಆಜೂಬಾಜಿನಲ್ಲಿದ್ದಾರೆ. ಚಾಟ್‌ಬಾಟ್‌ನಿಂದ ಕೆಲಸ ತೆಗೆಯುವುದರಲ್ಲಿ ಇವರದು ಪಳಗಿದ ಕೈ ಎಂಬ ಮಾತಿದೆ. ನಾನು ಇದನ್ನು ಅರ್ಧ ಒಪ್ಪುತ್ತೇನೆ. ಉಳಿದರ್ಧದಲ್ಲಿ ಅಪಾಯವಿದೆ.

ಒಪ್ಪುವ ಅರ್ಧ ಮೊದಲು. ಆ ಕಾಲದ ಚಾಟ್‌ರೂಮಿಗೆ ಕಾಲಿಟ್ಟ ತಕ್ಷಣ ಎದುರಾಗುತ್ತಿದ್ದದ್ದು ‘ಎಎಸ್‌ಎಲ್’, ಅಂದರೆ ವಯಸ್ಸು, ಲಿಂಗ, ಊರು. ಕೇಳುವ ರೀತಿ ಒರಟು, ನಿಜ. ಆದರೆ ಮುಖ ಕಾಣದವನ ಜತೆ ಮಾತಾಡುವಾಗ ನಮ್ಮ ಸ್ಥಿತಿಗತಿಯನ್ನು ನಾವೇ ಬಿಡಿಸಿ ಹೇಳಬೇಕೆಂಬ ಶಿಸ್ತು ಅದರಿಂದ ಬಂತು. ಮಹಾಲಿಂಗಪುರದ ಮಗ್ಗುಲಲ್ಲಿ, ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದ ಸಮೀರವಾಡಿಯನ್ನೇ ತಗೊಳ್ಳಿ. ‘ಕಬ್ಬಿನ ಎಲಿ ಹಳದಿ ಆಗ್ಯಾವ, ಏನ್ ಮಾಡ್ಲಿ?’ ಎಂದು ಕೇಳಿದರೆ ಯಾವ ಬಾಟ್ ಆದರೂ ಹತ್ತು ಕಾರಣಗಳ ಪಟ್ಟಿ ಒಗೆದು ಕೈತೊಳೆದುಕೊಳ್ಳುತ್ತದೆ. ‘ಘಟಪ್ರಭಾ ನೀರಾವರಿ, ಕರಿ ಮಣ್ಣು, ಕುಳೆ ಕಬ್ಬು, ಮೂರು ತಿಂಗಳ ಬೆಳಿ, ಸುಳಿ ಹತ್ರದ ಎಲಿ ಬಿಳಚ್ಯಾವ, ನರ ಇನ್ನೂ ಹಸರ ಅದಾವ’ ಎಂದರೆ ಮಾತಿನ ದಾರಿಯೇ ಬದಲಾಗುತ್ತದೆ. ಸುಣ್ಣದಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಇದು ಕಬ್ಬಿಣದ ಕೊರತೆಯ ಲಕ್ಷಣ. ಕೆಳಗಿನ ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕದ ಕಡೆ ನೋಡಬೇಕು. ಬುಡ ಹಿಡಿದು ಎಳೆದಾಗ ಸಲೀಸಾಗಿ ಕಿತ್ತುಬಂದರೆ ಗೊಣ್ಣೆಹುಳು ಬೇರು ತಿಂದಿರಬಹುದು. ನೀರು ನಿಂತು ಸವಳು-ಜವಳಾದ ಹೊಲದ ಕತೆಯೇ ಬೇರೆ. ಇಷ್ಟು ಕವಲುಗಳಿರುವ ಪ್ರಶ್ನೆಗೆ ಊರು, ಮಣ್ಣು, ವಯಸ್ಸು ಹೇಳದೆ ಉತ್ತರ ಬಯಸುವುದು ಬಾಟ್‌ಗೂ ಅನ್ಯಾಯ, ಕಬ್ಬಿಗೂ ಅನ್ಯಾಯ.

ಅರ್ಧ ವಾಕ್ಯಕ್ಕೊಮ್ಮೆ ಎಂಟರ್ ಒತ್ತುವ ಚಾಳಿ ಮಾತ್ರ ಇಲ್ಲಿ ನಡೆಯದು. ‘ಹಲೋ’, ‘ಒಂದು ಡೌಟ್ ಇತ್ತು’ ಎಂದು ಕಳಿಸಿ ಕಾಯುವವರಿಗೆ ಬಾಟ್ ಪ್ರತಿ ತುಣುಕಿಗೂ ಒಂದೊಂದು ಪ್ಯಾರಾ ಉಪಚಾರ ಹೇಳುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವ ಅಭ್ಯಾಸವೂ ಅಲ್ಲಿಂದಲೇ ಬಂದದ್ದು. ಆಗ ಕೆಫೆಯ ಕೀಲಿಮಣೆ ಹಾಗಿತ್ತು, ಬೇರೆ ದಾರಿ ಇರಲಿಲ್ಲ. ಈಗಿನ ಫೋನಿನಲ್ಲಿ ಕನ್ನಡ ಕೀಲಿಮಣೆ ಇರುವಾಗ ಅದನ್ನು ಮುಂದುವರಿಸುವುದು ಬರೀ ಸೋಮಾರಿತನ. ಆ ಅಕ್ಷರಗಳಲ್ಲಿ ಕಳೆಗೂ ಕಲೆಗೂ ಒಂದೇ ರೂಪ. ಎಲೆಯ ಕಲೆಗೆ ಔಷಧ ಕೇಳಿದವನಿಗೆ ಕಳೆನಾಶಕದ ಹೆಸರು ಸಿಕ್ಕರೆ ಬೆಳೆ ಹೋದಂತೆಯೇ.

ಚಾಟ್‌ರೂಮ್ ಕಲಿಸಿದ ದೊಡ್ಡ ಪಾಠ ಅನುಮಾನ. ಮುಂಬೈಯ ಇಪ್ಪತ್ತರ ಹುಡುಗಿ ಎಂದು ಪರಿಚಯಿಸಿಕೊಂಡವಳು ಪಕ್ಕದ ಬೀದಿಯ ಗಡ್ಡದವನಾಗಿರಬಹುದು ಎಂಬ ಎಚ್ಚರ ಸದಾ ಇರುತ್ತಿತ್ತು. ಅದಕ್ಕೇ ಆ ಪೀಳಿಗೆ ಅಡ್ಡಪ್ರಶ್ನೆ ಹಾಕುತ್ತಿತ್ತು. ನಿನ್ನೆ ಕೇಳಿದ್ದನ್ನೇ ಇವತ್ತು ತಿರುಚಿ ಕೇಳುತ್ತಿತ್ತು. ಆಮೇಲೆ ಬಂದ ವಾಟ್ಸ್‌ಆ್ಯಪ್‌ನಲ್ಲಿ ಎದುರಿಗಿರುವವರು ಅಣ್ಣ, ಮಾವ, ಸೊಸೈಟಿಯ ಕಾರ್ಯದರ್ಶಿ. ನಂಬರ್ ಪರಿಚಯದ್ದು, ಹಾಗಾಗಿ ಫಾರ್ವರ್ಡ್ ಆದ ಸಂದೇಶವೂ ನಂಬಿಕೆಗೆ ಅರ್ಹ ಎಂಬ ಭಾವನೆ ಬೆಳೆಯಿತು. 2024ರಲ್ಲಿ ಅದೇ ವಾಟ್ಸ್‌ಆ್ಯಪ್‌ನೊಳಗೆ ಮೆಟಾದ ಎಐ ಬಂದು ಕೂತಿದೆ. ಅಣ್ಣ-ಮಾವಂದಿರ ಸಾಲಿನಲ್ಲೇ ಕೂತಿದ್ದರಿಂದ ಅದಕ್ಕೂ ಆ ನಂಬಿಕೆ ಪುಕ್ಕಟೆಯಾಗಿ ದಕ್ಕಿದೆ.

ಹಾಗಾದರೆ ಕೆಫೆಯವರು ಗೆದ್ದರೆ? ಪೂರ್ತಿ ಇಲ್ಲ. ಅವರ ಅನುಮಾನ ಮನುಷ್ಯರ ಸುಳ್ಳನ್ನು ಹಿಡಿಯಲು ಪಳಗಿದ್ದು. ಸುಳ್ಳುಗಾರ ತಡವರಿಸುತ್ತಾನೆ, ಮಾತು ಹಾರಿಸುತ್ತಾನೆ, ಮೇಲಿಂದ ಮೇಲೆ ಕೇಳಿದರೆ ಸೋತು ಒಪ್ಪಿಕೊಳ್ಳುತ್ತಾನೆ. ಬಾಟ್ ತಡವರಿಸುವುದಿಲ್ಲ. ಸರಿಯನ್ನೂ ತಪ್ಪನ್ನೂ ಒಂದೇ ಠೀವಿಯಲ್ಲಿ ಹೇಳುತ್ತದೆ. ಜೋರು ಮಾಡಿದರೆ ಸರಿಯಾದ ಉತ್ತರವನ್ನೂ ಬಿಟ್ಟುಕೊಟ್ಟು ಕ್ಷಮೆ ಕೇಳಿಬಿಡಬಹುದು. ಅದು ಸೋತಿತೆಂದರೆ ಸುಳ್ಳು ಸಿಕ್ಕಿಬಿತ್ತು ಎಂದು ತಿಳಿದವನೇ ಮೋಸಹೋಗುತ್ತಾನೆ.

ಕಬ್ಬಿನ ಎಫ್‌ಆರ್‌ಪಿಯನ್ನೇ, ಅಂದರೆ ನ್ಯಾಯಸಮ್ಮತ ಮತ್ತು ಲಾಭದಾಯಕ ದರವನ್ನೇ ನೋಡಿ. ಕೇಂದ್ರ ಈ ದರ ನಿಗದಿ ಮಾಡುವಾಗ ಆಧಾರವಾಗಿ ಹಿಡಿಯುವ ರಿಕವರಿ, ಅಂದರೆ ಕಬ್ಬಿನಿಂದ ಇಳಿಯುವ ಸಕ್ಕರೆಯ ಪ್ರಮಾಣ, 2017-18ರ ಹಂಗಾಮಿನವರೆಗೆ ಶೇ. 9.5 ಇತ್ತು. 2018-19ರಲ್ಲಿ ಅದು ಶೇ. 10ಕ್ಕೆ, 2022-23ರಲ್ಲಿ ಶೇ. 10.25ಕ್ಕೆ ಏರಿತು. ಆಧಾರ ಏರಿದರೆ ಅಷ್ಟೇ ರಿಕವರಿಗೆ ರೈತನಿಗೆ ಸಿಗುವ ಪ್ರೀಮಿಯಂ ಕುಗ್ಗುತ್ತದೆ. ಕಾರ್ಖಾನೆಯ ಗೇಟಿನೆದುರು ನಡೆಯುವ ವಾದದಲ್ಲಿ ಇದು ಸಣ್ಣ ಸಂಗತಿಯಲ್ಲ. ಬಾಟ್ 10.25 ಎಂದಾಗ ‘9.5 ಅಲ್ಲೇನು?’ ಎಂದು ಗದರಿಸಿ ನೋಡಿ. ‘ನೀವು ಹೇಳಿದ್ದು ಸರಿ’ ಎಂದು ಅದು ತಲೆಬಾಗಿದರೆ ಅಚ್ಚರಿಯಿಲ್ಲ. ಮೂರು ಅಂಕಿಗಳೂ ಒಂದೊಂದು ಕಾಲದಲ್ಲಿ ನಿಜವೇ ಆಗಿದ್ದವು. ಇಲ್ಲಿ ಗದರಿಕೆ ಉಪಯೋಗವಿಲ್ಲ. ಯಾವ ಹಂಗಾಮು, ಯಾವ ಆದೇಶ ಎಂದು ಕೇಳಿ, ಆ ಆದೇಶವನ್ನು ತೆರೆದು ಓದಬೇಕು. ಎಲೆಯ ವಿಷಯಕ್ಕಾದರೆ ಸಮೀರವಾಡಿಯಲ್ಲೇ ಕೆ.ಜೆ. ಸೋಮಯ್ಯ ಹೆಸರಿನ ಕೃಷಿ ಸಂಶೋಧನಾ ಸಂಸ್ಥೆ ಇದೆ. ಬಿಳಚಿದ ಎರಡು ಎಲೆ ಹಿಡಿದು ಅಲ್ಲಿಗೆ ಹೋದರೆ, ಎದುರಿಗೆ ಕೂತವರು ಮರುಪ್ರಶ್ನೆಯನ್ನಾದರೂ ಕೇಳಿಯಾರು.