ನಂದಿಯ ದಾರಿ ಬಿಟ್ಟು

ಭಾನುವಾರ ನಸುಕಿನಲ್ಲಿ ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆ ದಾಟುವ ಸೈಕಲ್ಲುಗಳು ಬಹುತೇಕ ನಂದಿಬೆಟ್ಟಕ್ಕೇ ಹೊರಟಿರುತ್ತವೆ. 1,478 ಮೀಟರ್ ಎತ್ತರ, ಕೆಳಗೆ ಮಂಜು, ಮಂಜಿನ ಮೇಲೆ ಕಿತ್ತಳೆ ಸೂರ್ಯ. ಮಧ್ಯಾಹ್ನದೊಳಗೆ ಎಲ್ಲರ ಫೋನಿನಲ್ಲೂ ಅದೇ ಚಿತ್ರ. ಆ ಸೂರ್ಯೋದಯಕ್ಕೂ ಈ ಅಂಕಣಕ್ಕೂ ಹಳೆಯ ಜಗಳ. ಈ ವಾರ ಅದರ ಇನ್ನೊಂದು ಕಂತು.

ಬಳ್ಳಾರಿ ರಸ್ತೆಯಿಂದ ಜಕ್ಕೂರಿನ ಬಳಿ ಬಲಕ್ಕೆ ಹೊರಳಿ, ರಾಚೇನಹಳ್ಳಿ, ಸಂಪಿಗೆಹಳ್ಳಿಯ ಕಡೆ ತುಳಿದರೆ ಅರ್ಕಾವತಿ ಬಡಾವಣೆ. 16 ಹಳ್ಳಿಗಳ ಸುಮಾರು 2,750 ಎಕರೆಗೆ ಬಿಡಿಎ ಅಂತಿಮ ಅಧಿಸೂಚನೆ ಹೊರಡಿಸಿದ್ದು 2004ರಲ್ಲಿ. ಆಮೇಲೆ ಕೋರ್ಟು, ಡಿನೋಟಿಫಿಕೇಷನ್, ವಿಚಾರಣಾ ಆಯೋಗ. ಇಲ್ಲಿ ಮನೆಗಳಿಗಿಂತ ಮೊದಲು ಕೇಸುಗಳು ಎದ್ದವು. ಇಂದಿಗೂ ಹಲವು ಕಡೆ ಟಾರು ಕಿತ್ತ ರಸ್ತೆ ಎಲ್ಲಿಗೂ ಹೋಗದೆ ನಿಲ್ಲುತ್ತದೆ. ಸೈಟು ಕಲ್ಲುಗಳ ನಡುವೆ ಕಾಂಗ್ರೆಸ್ ಗಿಡ, ಯಾರೋ ರಾತ್ರೋರಾತ್ರಿ ಸುರಿದ ಕಟ್ಟಡದ ಅವಶೇಷ, ತಲೆಯ ಮೇಲೆ ಹೈಟೆನ್ಷನ್ ತಂತಿ. ಟ್ಯೂಬಿಗೆ ನೆಗ್ಗಿಲು ಮುಳ್ಳಿನ ಕಾಟ.

ಇಲ್ಲಿಗೆ ಬರಬೇಕಾದದ್ದು ಏಪ್ರಿಲ್ ಮಧ್ಯಾಹ್ನ, ಆಕಾಶ ಬಿಳಿಚಿದಾಗ. ಕೊಳೆಯನ್ನೂ ಬಂಗಾರ ಮಾಡುವ ಮುಂಜಾನೆಯ ಬೆಳಕಿಗೆ ಇಲ್ಲಿ ಕೆಲಸವಿಲ್ಲ. ಸಪ್ಪೆ ಬೆಳಕಿನಲ್ಲಿ ಕಂಬದಿಂದ ಕಂಬಕ್ಕಿರುವ ಅಂತರ, ಅರ್ಧಕ್ಕೆ ನಿಂತ ಚರಂಡಿಯ ಸರಳ ರೇಖೆ, ಕೆಂಪು ಮಣ್ಣಿಗೂ ಬೂದು ಕಾಂಕ್ರೀಟಿಗೂ ಇರುವ ನಂಟು ತಾನಾಗಿ ಕಾಣುತ್ತದೆ. ಕಾರಿನಲ್ಲಿ ಬಂದವರಿಗೆ ಇದು ಬರೀ ಬಯಲು. ಸೈಕಲ್ಲಾದರೆ ಒಂದು ಕಾಲು ಊರಿದರೆ ಸಾಕು, ಚೌಕಟ್ಟು ಸಿದ್ಧ.

ಛಾಯಾಗ್ರಹಣದ ಸಲೂನ್ ಸ್ಪರ್ಧೆಗಳ ಪಂಥಕ್ಕೆ ಇಂಥ ಚಿತ್ರ ಒಗ್ಗದು. ಬೆಂಗಳೂರಿನಲ್ಲಿ ಆ ಪಂಥಕ್ಕೆ ಬಲವಾದ ಬೇರಿದೆ, ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳರಂಥ ದೊಡ್ಡವರೂ ಅಲ್ಲಿ ಆಗಿಹೋಗಿದ್ದಾರೆ. ಆದರೆ ಅವರ ಹಕ್ಕಿಯನ್ನು ನೋಡಿ ಕಲಿತವರು ಹಕ್ಕಿ ಕೂತ ತಂತಿಯನ್ನು ಅಳಿಸುವುದನ್ನೇ ಕಲೆ ಎಂದುಕೊಂಡರು. ಇದಕ್ಕೆ ತದ್ವಿರುದ್ಧವಾಗಿ, ಜರ್ಮನಿಯ ಛಾಯಾಗ್ರಾಹಕರಾದ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ 1959ರಿಂದ ದಶಕಗಳ ಕಾಲ ತೆಗೆದದ್ದು ನೀರಿನ ಟ್ಯಾಂಕು, ಊದುಕುಲುಮೆ, ಗಣಿಯ ಗೋಪುರಗಳನ್ನು. ಅದೂ ಮೋಡ ಮುಸುಕಿದ ದಿನವೇ ಬೇಕು, ನೆರಳು ಬೀಳಬಾರದು. 1990ರಲ್ಲಿ ವೆನಿಸ್ ಬಿನಾಲೆ ಅವರಿಗೆ ಗೋಲ್ಡನ್ ಲಯನ್ ಕೊಟ್ಟಿತು, ಶಿಲ್ಪಕಲೆಯ ವಿಭಾಗದಲ್ಲಿ! 1975ರಲ್ಲಿ ಅಮೆರಿಕದ ರೋಚೆಸ್ಟರಿನಲ್ಲಿ ನಡೆದ ‘ನ್ಯೂ ಟೊಪೊಗ್ರಾಫಿಕ್ಸ್’ ಪ್ರದರ್ಶನದಲ್ಲಿ ಅವರ ಜೊತೆಗಿದ್ದ ರಾಬರ್ಟ್ ಆಡಮ್ಸ್ ಕೊಲೊರಾಡೊದ ಹೊಸ ಬಡಾವಣೆಗಳನ್ನು ತೆಗೆದವರು. ನಮ್ಮ ಅರ್ಕಾವತಿಗೆ ಅಂಥವರು ಇನ್ನೂ ಸಿಕ್ಕಿಲ್ಲ.

ಸೈಟು ಕಲ್ಲಿನ ಮಾತು ಬಂತಲ್ಲ, ಇನ್ನೊಂದು ಕಲ್ಲಿನ ಸಂಗತಿ ರುಚಿಯಾಗಿದೆ.

ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ರಾಷ್ಟ್ರಕೂಟರ ದಂಡು ಮೇಲೆ ಬಿದ್ದಾಗ ಕಾದಿ ಸತ್ತ ಕಿತ್ತಯ್ಯನ ನೆನಪಿಗೆ ನಿಲ್ಲಿಸಿದ್ದು. ಊರಿನವರೂ ಶಾಸನಪ್ರಿಯರೂ ಸೇರಿ ಅದಕ್ಕೊಂದು ಮಂಟಪ ಕಟ್ಟಿದ್ದಾರೆ. ಈ ಕಲ್ಲಿನ ಮುಂದೆ ಮಾತ್ರ ಸಪ್ಪೆ ಬೆಳಕು ಸೋಲುತ್ತದೆ. ಸವೆದ ಅಕ್ಷರದ ಆಳ ಕೂದಲೆಳೆಯಷ್ಟು; ಬೆಳಕು ಎದುರಿನಿಂದ ಬಿದ್ದರೆ ಕಲ್ಲು ಬೋಳು, ಪಕ್ಕದಿಂದ ಓರೆಯಾಗಿ ಬಿದ್ದರೆ ಸಾಲುಗಳು ಎದ್ದು ನಿಲ್ಲುತ್ತವೆ. ನಂದಿಯಲ್ಲಿ ಪೋಲಾಗುವ ಎಳೆಬಿಸಿಲಿಗೆ ನಿಜವಾದ ಉದ್ಯೋಗ ಇದು. ಬಿಸಿಲು ತಲುಪದ ಕಡೆ ಸೈಕಲ್ಲಿನ ಟಾರ್ಚನ್ನೇ ಬಿಚ್ಚಿ ಪಕ್ಕದಿಂದ ಹಿಡಿದರಾಯಿತು.

1905ರ ಸುಮಾರಿಗೆ ಶಾಸನತಜ್ಞ ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದರು. ಅವುಗಳಲ್ಲಿ ಎಷ್ಟೋ ಬಡಾವಣೆಗಳಡಿ ಹೂತುಹೋದವು. ಕಿತ್ತಯ್ಯನ ಹಾಗೆ ಆ ಪಟ್ಟಿಗೇ ಸೇರದವು ಇನ್ನೂ ಮಣ್ಣಿನಿಂದ ಮೇಲೇಳುತ್ತಿವೆ. ಸವಾರಿಯಲ್ಲಿ ಚರಂಡಿಯ ಚಪ್ಪಡಿಯ ಮೇಲೋ ಗುಡಿಯ ಮೆಟ್ಟಿಲಿನಲ್ಲೋ ಅಕ್ಷರ ಕಂಡರೆ ಸೀಮೆಸುಣ್ಣ ಬಳಿಯಬೇಡಿ, ಉಜ್ಜಬೇಡಿ. ಓರೆ ಬೆಳಕಿನಲ್ಲಿ ಚಿತ್ರ ತೆಗೆದು, ಜಾಗ ಗುರುತು ಹಾಕಿ, ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿರುವ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ತಿಳಿಸಿ.