ಮೃಗದರ್ಶನವೂ ಪ್ರವಾಸಕಥನವೂ

ಈಚೆಗೆ ನಮ್ಮ ಪೂರ್ವವಿದ್ಯಾರ್ಥಿಗಳೊಬ್ಬರು ಕೀನ್ಯಾ ದೇಶದ ಮಸಾಯಿ ಮಾರಾ ಎಂಬ ಮೃಗರಕ್ಷಣಾವನಕ್ಕೆ ಹೋಗಿಬಂದು, ಆ ಸಫಾರಿಯ ಕಥನವನ್ನು ಬರೆದು, ನಮ್ಮ ಅಭಿಪ್ರಾಯವನ್ನು ಕೋರಿ ಕಿರಿಮಂಜೇಶ್ವರಕ್ಕೆ ಕಳುಹಿಸಿರುವರು. ಸಫಾರಿಯೆಂದರೆ ಸ್ವಾಹಿಲಿ ಭಾಷೆಯಲ್ಲಿ ಯಾತ್ರೆಯೆಂದೇ ಅರ್ಥ. ಯಾತ್ರೆಗೆ ದರ್ಶನವೇ ಫಲವಷ್ಟೆ? ಆ ಫಲವು ಈ ಬರಹದಲ್ಲಿ ಎಷ್ಟು ದೊರೆತಿದೆಯೆಂಬುದೇ ನಮ್ಮ ವಿಚಾರ.

ಶೈಲಿ ಶುದ್ಧವಾಗಿದೆ. ಆದರೆ ಕಥನದ ಬಹುಭಾಗವು ಮೃಗಗಳ ಪಟ್ಟಿ. ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಖಡ್ಗಮೃಗ, ಈ ಐದನ್ನೂ ಕಂಡುದರಿಂದ ಪ್ರಯಾಣವು ಸಾರ್ಥಕವಾಯಿತೆಂದು ಲೇಖಕರು ಹಿಗ್ಗಿರುವರು. ಈ ಐದರ ಗಣನೆಯಾದರೋ, ಕಾಲ್ನಡೆಯಲ್ಲಿ ಬೇಟೆಯಾಡಲು ಅತಿ ಕಷ್ಟವಾದವುಗಳೆಂದು ಬೇಟೆಗಾರರು ಮಾಡಿದುದು. ಕೀನ್ಯಾದಲ್ಲಿ 1977ರಲ್ಲಿ ಬೇಟೆಯು ನಿಷಿದ್ಧವಾಯಿತು. ಬಿಲ್ಲು ಬಂದೂಕುಗಳು ಹೋದರೂ ಬೇಟೆಗಾರನ ಲೆಕ್ಕವು ಹೋಗಲಿಲ್ಲವೆಂದಾಯಿತು.

ಶಾಕುಂತಲದ ಪ್ರಥಮಾಂಕವನ್ನು ಸ್ಮರಿಸಿರಿ. ದುಷ್ಯಂತನು ಕೊಲ್ಲಲೆಂದೇ ಹೊರಟವನು. ಆದರೂ ಓಡುವ ಹುಲ್ಲೆಯು ಕತ್ತನ್ನು ತಿರುಗಿಸಿ ರಥವನ್ನು ನೋಡುವುದೂ, ಬಳಲಿದ ಬಾಯಿಂದ ಅರೆಯಗಿದ ದರ್ಭೆಯು ದಾರಿಯಲ್ಲಿ ಉದುರುವುದೂ ಅವನಿಗೆ ಕಾಣುತ್ತವೆ. ಕೊಲ್ಲುವವನಿಗೆ ಕಂಡುದು ನೋಡಲೆಂದೇ ಹೋದವರಿಗೆ ಕಾಣಬೇಡವೆ?

ಇನ್ನೊಂದು ಮಾತು. ಅಲ್ಲಿ ತಾಪಸನು ಅಡ್ಡಬಂದು, ಆಶ್ರಮಮೃಗವನ್ನು ಕೊಲ್ಲಬಾರದೆನ್ನುತ್ತಾನೆ. ಅರಸನು ಬಾಣವನ್ನು ಹಿಂತೆಗೆಯುತ್ತಾನೆ. ಅರಣ್ಯಕ್ಕೆ ಅಲ್ಲಿಯ ನಿವಾಸಿಗಳಿರುವರು, ಅವರ ಮಾತಿಗೆ ಬೆಲೆಯಿದೆ, ಎಂಬುದು ಕವಿಯ ಇಂಗಿತ. ಮಾರಾಕ್ಕೆ ಹೊಂದಿಕೊಂಡಿರುವ ಸೆರೆಂಗೆಟಿಯಿಂದ ಮಸಾಯಿ ಜನರನ್ನು 1959ರಲ್ಲಿ ಹೊರಗೆ ಕಳುಹಿಸಲಾಯಿತು. ಈ ಕಥನದಲ್ಲಿ ಆ ಜನರು ಕೆಂಪು ವಸ್ತ್ರವನ್ನುಟ್ಟು ಕುಣಿಯುವುದಕ್ಕೆ ಮಾತ್ರ ಬರುತ್ತಾರೆ; ಒಬ್ಬರಾದರೂ ಬಾಯಿತೆರೆಯುವುದಿಲ್ಲ. ಇದು ಅಲ್ಪದೋಷವಲ್ಲ.

ಆದರೆ ದೋಷದಲ್ಲಿ ನಮಗೂ ಪಾಲುಂಟು. ಈ ಅಂಕವನ್ನು ಅವರಿಗೆ ಪಾಠ ಹೇಳಿದವರು ನಾವೇ. ಆ ಶ್ಲೋಕದ ಅಲಂಕಾರ ಯಾವುದೆಂದು ಕೇಳಿದೆವು. ಸ್ವಭಾವೋಕ್ತಿಯೆಂದು ಉತ್ತರ ಬಂದೊಡನೆ ಅಂಕ ಕೊಟ್ಟು ಮುಂದೆ ಸಾಗಿದೆವು. ಹುಲ್ಲೆಯನ್ನು ನೋಡಿರೆಂದು ಒಮ್ಮೆಯೂ ಹೇಳಲಿಲ್ಲ. ಪಟ್ಟಿ ಮಾಡುವುದನ್ನು ಕಲಿಸಿದವರು ಪಟ್ಟಿಯನ್ನು ಹಳಿಯುವುದು ಹೇಗೆ?

ಕಥನದಲ್ಲಿ ಒಂದೇ ಒಂದು ವಾಕ್ಯವು ನಮ್ಮನ್ನು ತಡೆದು ನಿಲ್ಲಿಸಿತು. ಮಾರಾ ನದಿಯ ದಡದಲ್ಲಿ ಗ್ನೂ ಎಂಬ ಮೃಗವೊಂದು ಮುಂಗಾಲನ್ನು ನೀರಿಗಿಟ್ಟು, ಹಿಂದೆಗೆದು, ಮತ್ತೆ ಇಟ್ಟಿತಂತೆ. ಮಳೆಗಾಲದ ಹೊಳೆಯ ಮುಂದೆ ನಮ್ಮೂರ ದನಗಳೂ ಹಾಗೆಯೇ ನಿಲ್ಲುತ್ತವೆ. ಲೇಖಕರು ಉಳಿದುದನ್ನೆಲ್ಲ ಬಿಟ್ಟು, ಆ ಒಂದು ಕಾಲಿನಿಂದ ತಮ್ಮ ಕಥನವನ್ನು ಮರಳಿ ಆರಂಭಿಸಲಿ. ಓದಲು ನಾವು ಕಾದಿರುವೆವು.